ಗ್ಯಾಲರಿಯಲ್ಲಿ ನಾನೊಬ್ಬನೇ ಇದ್ದರೂ...

ಕ್ರಿಕೆಟ್ ತಂಡದ ಅಭಿಮಾನಿಯಾಗುವುದು ಸುಲಭ, ಟಿ.ವಿ. ಹಾಕಿದರಾಯಿತು. ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಅಭಿಮಾನಿಯಾಗಿ ನೋಡಿ! ವಿಟಿಯು ವಲಯ ಟೂರ್ನಿ ಎಲ್ಲಿ ನಡೆದರೂ ಬಸ್ ಹಿಡಿಯಬೇಕು. ಕ್ರೀಡೆಯ ಹೆಸರಲ್ಲಿ ಹಾಜರಾತಿ ಸಿಗುವುದು ಆಡುವವರಿಗೆ, ಚಪ್ಪಾಳೆ ಹೊಡೆಯುವವರಿಗಲ್ಲ.

ನಮ್ಮ ಬೇಡಕಿಹಾಳ ಕಡೆ ಆಟವೆಂದರೆ ಕುಸ್ತಿ, ಕಬಡ್ಡಿ. ಮೊಬೈಲ್‌ನಲ್ಲಿ ಪಂದ್ಯ ತೋರಿಸಿದರೆ ಅಜ್ಜ, ‘ಇದರಾಗ ಚಿತ್ ಮಾಡೂದ ಯಾವಾಗಲೇ?’ ಎಂದ. ಹತ್ತು ಅಡಿ ಮೇಲಿನ ಬುಟ್ಟಿಗೆ ಚೆಂಡು ಹಾಕುವುದೇ ಚಿತ್ ಎಂದೆ. ಅಂದಿನಿಂದ ‘ಎಷ್ಟ ಸಲ ಚಿತ್ ಮಾಡಿದ್ರಿ?’ ಎಂದೇ ವಿಚಾರಿಸುತ್ತಾನೆ.

ಇಲ್ಲಿ ಸ್ಟಾರ್ ಆಟಗಾರ ಪಕ್ಕದ ಬೆಂಚಿನಲ್ಲಿ ಕೂತು ನನ್ನ ಅಸೈನ್‌ಮೆಂಟ್ ನೋಡಿ ಬರೆಯುತ್ತಾನೆ. ಇಂಟರ್ನಲ್ಸ್‌ಗೆಂದು ರಾತ್ರಿಯೆಲ್ಲ ಓದಿದವನು ನಾಲ್ಕನೇ ಕ್ವಾರ್ಟರ್‌ನಲ್ಲಿ ಯಾಕೆ ಸುಸ್ತಾದ ಎಂಬುದು ಗೊತ್ತಿರುತ್ತದೆ. ಫ್ರೀ ಥ್ರೋ ತಪ್ಪಿಸಿದರೆ ಬೈಯಲು ಮನಸ್ಸು ಬರುವುದಿಲ್ಲ.

ಕಷ್ಟ ಬೇರೆಯದೇ. ಪೈಲ್ವಾನ ಹತ್ತು ವರ್ಷವಾದರೂ ಅಖಾಡದಲ್ಲಿ ಇರುತ್ತಾನೆ, ಕಾಲೇಜು ಆಟಗಾರ ನಾಲ್ಕೇ ವರ್ಷ. ನಾನು ಕೂಗಿ ಕೂಗಿ ಬೆಂಬಲಿಸಿದ ಐವರಲ್ಲಿ ಮೂವರು ಈಗ ಫೈನಲ್ ಇಯರ್. ನಾಯಕನಿಗೆ ಬೆಂಗಳೂರಿನಲ್ಲಿ ಕೆಲಸವೂ ಸಿಕ್ಕಿದೆ. ಖುಷಿಯೇ, ಆದರೂ ಪೂರ್ತಿ ಖುಷಿಯಲ್ಲ. ಅವನ ಕೊನೆಯ ಟೂರ್ನಿಯಲ್ಲಿ ಒಂದೇ ಅಂಕದಿಂದ ಸೋತೆವು. 40 ನಿಮಿಷ ಓಡಿ ಒಂದು ಅಂಕ! ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನಾಯಕ ಮಾತ್ರ ಚಿಕ್ಕೋಡಿ ಬಂದಾಗ, ‘ಮುಂದಿನ ವರ್ಷಾನೂ ಬರ್ತೀಯಲ್ಲೋ?’ ಎಂದ.

ಈಗ ಸಂಜೆ ಜೂನಿಯರ್‌ಗಳ ಅಭ್ಯಾಸ ನೋಡುತ್ತಿದ್ದೇನೆ. ಎಡಗೈ ಹುಡುಗನೊಬ್ಬ ಲೇ-ಅಪ್ ಚೆನ್ನಾಗಿ ಹಾಕುತ್ತಾನೆ. ರಿಬೌಂಡ್‌ಗೆ ಮಾತ್ರ ಎತ್ತರದವರಿಲ್ಲ. ಮೆಕ್ಯಾನಿಕಲ್ ಮೊದಲ ವರ್ಷದಲ್ಲಿ ಆರಡಿ ದಾಟಿದವನೊಬ್ಬ ಇದ್ದಾನಂತೆ, ನಾಳೆ ಹೋಗಿ ಮಾತಾಡಿಸಬೇಕು.