ಕಲಿತದ್ದು ಮಗುವಿಗೆ ಯಾಕೆ ಮರೆತುಹೋಗುತ್ತದೆ?

ಪ್ರಶ್ನೆ: ನಾಲ್ಕನೇ ತರಗತಿಯ ನನ್ನ ಮಗಳು ರಾತ್ರಿ ಪಟಪಟನೆ ಒಪ್ಪಿಸಿದ ಪದ್ಯವನ್ನು ಎರಡೇ ದಿನಕ್ಕೆ ಮರೆಯುತ್ತಾಳೆ. ನೀರಿನ ಬಾಟಲಿ, ಪೆನ್ಸಿಲ್ ಶಾಲೆಯಲ್ಲೇ ಬಿಟ್ಟು ಬರುತ್ತಾಳೆ. ಇದು ಕಾಯಿಲೆಯೇ?

ಉತ್ತರ: ಬಹುತೇಕ ಮಕ್ಕಳಲ್ಲಿ ಇದು ಕಾಯಿಲೆಯಲ್ಲ. ಆದರೆ ಈ ಎರಡು ಮರೆವುಗಳ ಕಾರಣ ಬೇರೆ ಬೇರೆ.

ಪದ್ಯದ್ದು ನೆನಪಿನ ಸಹಜ ಗುಣ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಹೀಗೆ ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನದೊಳಗೇ ಜಾರಿಹೋಗುತ್ತದೆ ಎಂದು ಆತ ಕಂಡುಕೊಂಡ. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತದ್ದು ನಿಲ್ಲುತ್ತದೆ. ಹಾಗಾಗಿ ಒಂದೇ ರಾತ್ರಿ ಉರುಹೊಡೆಸಬೇಡಿ. ಮರುದಿನ, ಮೂರು ದಿನ ಬಿಟ್ಟು, ವಾರದ ಬಳಿಕ ಪುಸ್ತಕ ಮುಚ್ಚಿಸಿ ಕೇಳಿ. ತಡವರಿಸಿದರೆ ಸ್ವಲ್ಪ ಕಾಯಿರಿ. ನೆನಪಿಸಿಕೊಳ್ಳಲು ಪಡುವ ಶ್ರಮವೇ ನೆನಪನ್ನು ಗಟ್ಟಿಮಾಡುತ್ತದೆ. ಕಲಿತದ್ದು ಬೇರೂರುವುದು ನಿದ್ದೆಯಲ್ಲಿ. ಆರರಿಂದ ಹನ್ನೆರಡರ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು.

ಬಾಟಲಿಯದ್ದು ಗಮನದ ಪ್ರಶ್ನೆ. ಗಮನ, ಯೋಜನೆಗಳನ್ನು ನಿಭಾಯಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಒಂದೇ ಉಸಿರಿಗೆ ನಾಲ್ಕು ಕೆಲಸ ಹೇಳದೆ, ಒಂದೊಂದಾಗಿ ಹೇಳಿ ಅವಳಿಂದ ತಿರುಗಿ ಹೇಳಿಸಿ. ಶಾಲೆಯಿಂದ ತರಬೇಕಾದ ವಸ್ತುಗಳ ಪಟ್ಟಿಯನ್ನು ಚೀಲದ ಒಳಬದಿಗೆ ಅಂಟಿಸಿ. ‘ಮರೆಗುಳಿ’ ಎಂದು ಬೈಯಬೇಡಿ. ಭಯ ಗಮನವನ್ನು ಇನ್ನಷ್ಟು ಕದಡುತ್ತದೆ.

ಕಲಿತಿದ್ದ ಕೌಶಲಗಳೇ ಕಳೆದುಹೋಗುತ್ತಿದ್ದರೆ, ಮಾತಿನ ನಡುವೆ ಕೆಲಕ್ಷಣ ದಿಟ್ಟಿಸುತ್ತ ಸ್ತಬ್ಧಳಾದರೆ, ಸದಾ ಸುಸ್ತಾಗಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಇವುಗಳ ಹಿಂದೆ ಇರಬಹುದಾದ ಮೂರ್ಛೆರೋಗ, ರಕ್ತಹೀನತೆ, ಥೈರಾಯ್ಡ್ ಕೊರತೆಗಳಿಗೆ ಚಿಕಿತ್ಸೆಯಿದೆ.