ನಾವಿಕರಿಗೆ ಮುಪ್ಪು, ನೌಕೆಗೆ ಮುಪ್ಪಿಲ್ಲ

2021ರ ಅಕ್ಟೋಬರ್ 13. ಅಮೆರಿಕದ ಪಶ್ಚಿಮ ಟೆಕ್ಸಾಸ್‌ನ ಬೆಂಗಾಡಿನಲ್ಲಿ ಮೂರು ಪ್ಯಾರಾಚೂಟುಗಳ ಆಸರೆಯಿಂದ ಪುಟ್ಟ ಕೋಶವೊಂದು ಇಳಿಯಿತು. ಅದರೊಳಗಿನಿಂದ ಹೊರಬಂದ ನಾಲ್ವರಲ್ಲಿ ಒಬ್ಬರಿಗೆ ತೊಂಬತ್ತು ವರ್ಷ. ಜೊತೆಯವರು ಷಾಂಪೇನ್ ಚಿಮ್ಮಿಸಿ ಸಂಭ್ರಮಿಸುತ್ತಿದ್ದರೆ ಈ ವೃದ್ಧರು ಮಾತ್ರ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಕೆಳಗೆ ಭೂಮಿಗೆ ಹೊದಿಸಿದಂತಿದ್ದ ತೆಳ್ಳನೆಯ ನೀಲಿ, ಮೇಲೆ ಕೊನೆಯಿಲ್ಲದ ಕಪ್ಪು. ಆ ನೀಲಿಯೇ ಬದುಕು, ಆ ಕಪ್ಪೇ ಸಾವು ಎಂಬಂತೆ ತಮಗೆ ಕಂಡಿತೆಂದು ತಡವರಿಸುತ್ತ ಹೇಳಿದರು.

ಅವರು ವಿಲಿಯಂ ಶಾಟ್ನರ್. ಹತ್ತು ನಿಮಿಷಗಳಷ್ಟರ ಆ ಯಾನದಲ್ಲಿ ನೂರು ಕಿಲೋಮೀಟರ್ ಎತ್ತರದ ಗಡಿಯನ್ನು ದಾಟಿ ಬಂದ ಅವರು, ಅಲ್ಲಿಯವರೆಗೆ ಅಂತರಿಕ್ಷಕ್ಕೆ ಹೋದವರಲ್ಲೆಲ್ಲ ಹಿರಿಯರು ಎನಿಸಿಕೊಂಡರು. ಆದರೆ ಜಗತ್ತಿನ ಕೋಟ್ಯಂತರ ಜನರ ಮಟ್ಟಿಗೆ ಅವರು ಅಂತರಿಕ್ಷಕ್ಕೆ ಹೋದದ್ದು ಐವತ್ತೈದು ವರ್ಷ ಮೊದಲೇ. 'ಸ್ಟಾರ್ ಟ್ರೆಕ್' ಎಂಬ ಕಿರುತೆರೆ ಧಾರಾವಾಹಿಯಲ್ಲಿ 'ಎಂಟರ್‌ಪ್ರೈಸ್' ನೌಕೆಯ ಕ್ಯಾಪ್ಟನ್ ಕರ್ಕ್ ಆಗಿದ್ದವರು ಅವರೇ.

ಭಾನುವಾರದ ಬೆಳಗು

ಇಂದು ಐವತ್ತರ ಆಸುಪಾಸಿನಲ್ಲಿರುವ ತಂದೆತಾಯಿಯರಿಗೆ ಈ ಹೆಸರು ನೆನಪಿರಬಹುದು. 1980ರ ದಶಕದಲ್ಲಿ ದೂರದರ್ಶನವು ಭಾನುವಾರ ಬೆಳಗ್ಗೆ ಈ ಧಾರಾವಾಹಿಯನ್ನು ತೋರಿಸುತ್ತಿತ್ತು. ಬೀದಿಗೊಂದು ಟೀವಿ ಇದ್ದ ಕಾಲ. ಒಬ್ಬರು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, 'ಈಗ ಬಂತಾ?' ಎಂದು ಕೂಗುವುದು, ಒಳಗಿನಿಂದ 'ಇನ್ನೂ ಸ್ವಲ್ಪ ಈ ಕಡೆ' ಎಂದು ಉತ್ತರ ಬರುವುದು ಎಲ್ಲ ಊರುಗಳ ಕಥೆ. ಇಂಗ್ಲಿಷ್ ಸಂಭಾಷಣೆ ಎಷ್ಟು ಅರ್ಥವಾಯಿತೋ ಬಿಟ್ಟಿತೋ, ಚೂಪು ಕಿವಿಯ ಸ್ಪಾಕ್‌ನ ಮುಖ ಮಾತ್ರ ಮಕ್ಕಳ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಆ ಮಕ್ಕಳು ನೋಡುತ್ತಿದ್ದುದು ಹೊಸ ಧಾರಾವಾಹಿಯನ್ನಲ್ಲ, ತಮಗಿಂತ ಹಿರಿಯದನ್ನು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಅದರ ಮೊದಲ ಕಂತು ಪ್ರಸಾರವಾದದ್ದು 1966ರ ಸೆಪ್ಟೆಂಬರ್ 8ರಂದು.

ಅದರ ಕರ್ತೃ ಜೀನ್ ರಾಡನ್‌ಬರಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ದುಡಿದು, ಕೊನೆಗೆ ಲೇಖನಿ ಹಿಡಿದವರು. ಅವರು ಸಿದ್ಧಪಡಿಸಿದ ಮೊದಲ ಮಾದರಿ ಕಂತನ್ನು ವಾಹಿನಿಯವರು ಒಪ್ಪಲಿಲ್ಲ, ಎರಡನೆಯದು ಒಪ್ಪಿಗೆಯಾಯಿತು. ಪ್ರೇಕ್ಷಕರ ಸಂಖ್ಯೆ ಸಾಲದೆಂದು ಧಾರಾವಾಹಿಯನ್ನು ನಿಲ್ಲಿಸುವ ಮಾತು ಬಂದಾಗ ಅಭಿಮಾನಿಗಳು ಮೂಟೆಗಟ್ಟಲೆ ಪತ್ರ ಬರೆದು ಮೂರನೆಯ ವರ್ಷವನ್ನು ದೊರಕಿಸಿಕೊಟ್ಟರು. ಆದರೂ ಶುಕ್ರವಾರ ರಾತ್ರಿ ಹತ್ತರ ವೇಳೆಗೆ ತಳ್ಳಲ್ಪಟ್ಟ ಧಾರಾವಾಹಿ 79 ಕಂತುಗಳಿಗೆ ಮುಗಿಯಿತು. ಕೊನೆಯ ಹೊಸ ಕಂತು ಬಂದದ್ದು 1969ರ ಜೂನ್ 3ರಂದು. ಅದಾದ ಏಳು ವಾರದೊಳಗೆ, ಜುಲೈ 20ರಂದು, ಮನುಷ್ಯ ನಿಜವಾಗಿಯೂ ಚಂದ್ರನ ಮೇಲೆ ಇಳಿದ. ಆಗ ಕ್ಯಾಪ್ಟನ್ ಕರ್ಕ್‌ಗೆ ಕೆಲಸವಿರಲಿಲ್ಲ. ಟ್ರಕ್ಕಿನ ಹಿಂಬದಿಯ ಪುಟ್ಟ ಗೂಡಿನಲ್ಲಿ ಮಲಗುತ್ತಿದ್ದ ದಿನಗಳವು ಎಂದು ಶಾಟ್ನರ್ ಆಮೇಲೆ ಹೇಳಿಕೊಂಡಿದ್ದಾರೆ.

ಉಪ್ಪಿನ ಡಬ್ಬಿಯೇ ವೈದ್ಯೋಪಕರಣ

ಕಡಿಮೆ ಹಣ, ಹೆಚ್ಚು ಕಲ್ಪನೆ: ಇದು ಆ ಧಾರಾವಾಹಿಯ ಗುಟ್ಟು. ನೌಕೆಯ ಬಾಗಿಲುಗಳು ತಾವಾಗಿಯೇ ಸರಿಯುವಂತೆ ಕಾಣುತ್ತಿದ್ದವು. ನಿಜಕ್ಕೂ ಮರೆಯಲ್ಲಿ ನಿಂತ ಕೆಲಸಗಾರರು ಅವನ್ನು ಎಳೆಯುತ್ತಿದ್ದರು. ಒಂದು ಕಂತಿಗಾಗಿ ಕೊಂಡು ತಂದ ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳು ಡಾಕ್ಟರ್ ಮೆಕಾಯ್ ಕೈಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳಾದವು. ಪ್ರತಿ ವಾರ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸುವುದು ದುಬಾರಿಯೆಂದು, ಮನುಷ್ಯರನ್ನು ಇಲ್ಲಿ ಕರಗಿಸಿ ಅಲ್ಲಿ ಮೂಡಿಸುವ ಯಂತ್ರವನ್ನು ಹುಟ್ಟುಹಾಕಿದರು. ತೆರೆಯ ಮೇಲೆ ಮಿನುಗುತ್ತಿದ್ದ ಆ ಕಿಡಿಗಳು ಬೆಳಕಿನಲ್ಲಿ ಸುರಿದ ಅಲ್ಯುಮಿನಿಯಂ ಪುಡಿಯಲ್ಲದೆ ಬೇರೇನಲ್ಲ.

ಇದರಲ್ಲಿ ವಿಜ್ಞಾನವೆಷ್ಟು, ಕಥೆಯೆಷ್ಟು ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಮನುಷ್ಯನನ್ನು ಕರಗಿಸಿ ಕಳಿಸುವ ಯಂತ್ರವನ್ನೇ ತೆಗೆದುಕೊಳ್ಳಿ. ಎಪ್ಪತ್ತು ಕಿಲೋ ತೂಕದ ದೇಹದಲ್ಲಿ ಸುಮಾರು 7ರ ಮುಂದೆ 27 ಸೊನ್ನೆ ಬರೆದಷ್ಟು ಪರಮಾಣುಗಳಿವೆ. ಪ್ರತಿಯೊಂದರ ಸ್ಥಾನವನ್ನೂ ಚಲನೆಯನ್ನೂ ಒಟ್ಟಿಗೆ ಕರಾರುವಾಕ್ಕಾಗಿ ತಿಳಿಯಲು ಹೈಸನ್‌ಬರ್ಗ್ ಅವರ ಅನಿಶ್ಚಿತತೆಯ ತತ್ವ ಬಿಡುವುದಿಲ್ಲ. ನೌಕೆ ಭರ್ರೆಂದು ಹಾದುಹೋಗುವ ಸದ್ದೂ ತಪ್ಪು. ನಿರ್ವಾತದಲ್ಲಿ ಶಬ್ದ ಸಾಗದು.

ವೇಗದ ಲೆಕ್ಕ ಇನ್ನೂ ಕುತೂಹಲಕರ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ದೂರ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಕ್ರಮಿಸಲು ಸುಮಾರು 75 ಸಾವಿರ ವರ್ಷ ಬೇಕು. ಎಂಟರ್‌ಪ್ರೈಸ್ ನೌಕೆ ಮಾತ್ರ ಬೆಳಕನ್ನೂ ಹಿಂದಿಕ್ಕಿ ನಕ್ಷತ್ರಗಳ ನಡುವೆ ಓಡಾಡುತ್ತಿತ್ತು. 1994ರಲ್ಲಿ ಮಿಗೆಲ್ ಆಲ್ಕುಬಿಯೆರ್ ಎಂಬ ಭೌತವಿಜ್ಞಾನಿ, ನೌಕೆಯ ಮುಂದಿನ ಆಕಾಶವನ್ನು ಕುಗ್ಗಿಸಿ ಹಿಂದಿನದನ್ನು ಹಿಗ್ಗಿಸಿದರೆ ಇಂಥ ಯಾನ ಐನ್‌ಸ್ಟೈನರ ಸಮೀಕರಣಗಳಿಗೆ ವಿರುದ್ಧವಾಗದೆಂದು ಬರೆದರು. ಆದರೆ ಅದಕ್ಕೆ ಬೇಕಾದ ಋಣಶಕ್ತಿಯನ್ನು ಅಷ್ಟು ಪ್ರಮಾಣದಲ್ಲಿ ಒದಗಿಸುವ ದಾರಿ ಯಾರಿಗೂ ಸಿಕ್ಕಿಲ್ಲ.

ಕೆಲವು ಕಲ್ಪನೆಗಳು ಮಾತ್ರ ನಿಜದ ಹತ್ತಿರ ಬಂದವು. 1996ರಲ್ಲಿ ಮಾರುಕಟ್ಟೆಗೆ ಬಂದ ಮೋಟೊರೋಲಾ ಸ್ಟಾರ್‌ಟ್ಯಾಕ್ ಮಡಚುವ ಫೋನು, ಕರ್ಕ್ ಕೈಯಲ್ಲಿದ್ದ ಮಾತಿನ ಪೆಟ್ಟಿಗೆಯನ್ನೇ ನೆನಪಿಸಿತು. ಡಾಕ್ಟರ್ ಮೆಕಾಯ್ ಬಳಸುತ್ತಿದ್ದ, ರೋಗಿಯ ಪಕ್ಕ ಹಿಡಿದರೆ ಸಾಕು ಕಾಯಿಲೆ ಹೇಳುವ ಉಪಕರಣದ ಹೆಸರಿನಲ್ಲೇ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ನಡೆದು, 2017ರಲ್ಲಿ ಬಹುಮಾನಗಳನ್ನು ಹಂಚಲಾಯಿತು.

ಏಳು ಮಂದಿ

ಯಂತ್ರಗಳಿಗಿಂತಲೂ ಹೊಸದಾಗಿದ್ದದ್ದು ನೌಕೆಯೊಳಗಿನ ಮನುಷ್ಯರು. ಅಮೆರಿಕದಲ್ಲಿ ಕರಿಯರು ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ, ರಷ್ಯದೊಡನೆ ಶೀತಲ ಸಮರ ನಡೆಯುತ್ತಿದ್ದ ದಿನಗಳವು. ಆ ಹೊತ್ತಿನಲ್ಲಿ ಆಫ್ರಿಕ ಮೂಲದ ಮಹಿಳೆ, ಏಷ್ಯ ಮೂಲದವ, ಸ್ಕಾಟ್ಲೆಂಡಿನವ, ಎರಡನೆಯ ವರ್ಷದಿಂದ ರಷ್ಯದವ, ಇವರೆಲ್ಲರೊಡನೆ ಅರ್ಧ ಅನ್ಯಗ್ರಹದವನಾದ ಸ್ಪಾಕ್ ಒಂದೇ ನೌಕೆಯಲ್ಲಿ ಕೆಲಸ ಮಾಡುತ್ತಿದ್ದರು. ಮಹಿಳಾ ಅಧಿಕಾರಿಗಳಿಗೆ ಗಿಡ್ಡ ಲಂಗ ತೊಡಿಸಿದ್ದು, ಅವರಿಗೆ ಮಾತು ಕಡಿಮೆ ಕೊಟ್ಟದ್ದು ಇಂದು ನೋಡುವವರ ಕಣ್ಣಿಗೆ ಕುಂದಾಗಿ ಕಾಣದಿರದು. ಆದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

ಸಂಪರ್ಕಾಧಿಕಾರಿ ಉಹುರಾ ಪಾತ್ರದ ನಿಷೆಲ್ ನಿಕೋಲ್ಸ್ ಮೊದಲ ವರ್ಷದ ಕೊನೆಗೆ ರಂಗಭೂಮಿಗೆ ಮರಳಲು ಬಯಸಿದ್ದರು. ಆಗ ಸಮಾರಂಭವೊಂದರಲ್ಲಿ ಭೇಟಿಯಾದ ಮಾರ್ಟಿನ್ ಲೂಥರ್ ಕಿಂಗ್, ತಾವು ಆ ಧಾರಾವಾಹಿಯ ಅಭಿಮಾನಿಯೆಂದು ಹೇಳಿ, ಬಿಡಬಾರದೆಂದು ಒತ್ತಾಯಿಸಿದರಂತೆ. ನಿಕೋಲ್ಸ್ ಇದನ್ನು ಜೀವನದುದ್ದಕ್ಕೂ ನೆನೆಯುತ್ತಿದ್ದರು. 1977ರಿಂದ ಅವರು ನಾಸಾ ಪರವಾಗಿ ಊರೂರು ತಿರುಗಿ, ಮಹಿಳೆಯರೂ ಕರಿಯರೂ ಗಗನಯಾತ್ರಿಗಳಾಗಲು ಅರ್ಜಿ ಹಾಕುವಂತೆ ಹುರಿದುಂಬಿಸಿದರು. 1978ರಲ್ಲಿ ಆಯ್ಕೆಯಾದ ತಂಡದಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್, ಮೊದಲ ಆಫ್ರಿಕನ್-ಅಮೆರಿಕನ್ ಗಯಾನ್ ಬ್ಲೂಫರ್ಡ್ ಇಬ್ಬರೂ ಇದ್ದರು. ಬಾಲ್ಯದಲ್ಲಿ ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಅಂತರಿಕ್ಷಕ್ಕೇರಿದರು.

ಎಂಜಿನಿಯರ್ ಸ್ಕಾಟಿಯಾಗಿದ್ದ ಜೇಮ್ಸ್ ಡೂಹನ್ ಕೆನಡಾದವರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಡದಲ್ಲಿ ಇಳಿದ ಸೈನಿಕರಲ್ಲಿ ಅವರೂ ಒಬ್ಬರು. ಅಂದು ಗುಂಡೇಟಿನಿಂದ ಬಲಗೈಯ ಮಧ್ಯದ ಬೆರಳು ಹೋಯಿತು. ತೆರೆಯ ಮೇಲೆ ಆ ಕೈ ಕಾಣದಂತೆ ಅವರು ಜಾಗ್ರತೆ ವಹಿಸುತ್ತಿದ್ದರು. ಅವರನ್ನು ನೋಡಿ ಎಂಜಿನಿಯರಿಂಗ್ ಸೇರಿದ ಹುಡುಗರು ಅದೆಷ್ಟೋ. ಮಿಲ್ವಾಕಿಯ ಎಂಜಿನಿಯರಿಂಗ್ ಕಾಲೇಜು ಅವರಿಗೆ ಗೌರವ ಪದವಿ ನೀಡಿತು. 2004ರಲ್ಲಿ ಅವರ ಬೀಳ್ಕೊಡುಗೆ ಸಮಾರಂಭಕ್ಕೆ ನೀಲ್ ಆರ್ಮ್‌ಸ್ಟ್ರಾಂಗ್ ಬಂದಿದ್ದರು. ಮರುವರ್ಷ ಡೂಹನ್ ತೀರಿಕೊಂಡದ್ದು ಜುಲೈ 20ರಂದು, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ದಿನವೇ.

ಸುಲು ಪಾತ್ರದ ಜಾರ್ಜ್ ಟಕೇ ಐದು ವರ್ಷದ ಬಾಲಕನಾಗಿದ್ದಾಗ, 1942ರಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಅವರ ಕುಟುಂಬವನ್ನು ಅಮೆರಿಕ ಸರ್ಕಾರ ಮುಳ್ಳುತಂತಿಯ ಶಿಬಿರಕ್ಕೆ ಕಳಿಸಿತು. ಅದೇ ಬಾಲಕ ಮುಂದೆ ಮನುಕುಲದ ನೌಕೆಯ ಚುಕ್ಕಾಣಿ ಹಿಡಿದ.

ನಾನು ಅವನಲ್ಲ, ಅವನೇ ನಾನು

ಪಾತ್ರದೊಡನೆ ಹೆಚ್ಚು ಹೆಣಗಿದವರು ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೊಯ್. ಹೋದಲ್ಲೆಲ್ಲ ಜನ ಅವರ ಕಿವಿಯನ್ನೇ ಹುಡುಕುತ್ತಿದ್ದರು. ಬೇಸತ್ತು 1975ರಲ್ಲಿ ತಾವು ಸ್ಪಾಕ್ ಅಲ್ಲವೆಂದು ಸಾರುವ ಹೆಸರಿನ ಆತ್ಮಕಥೆ ಬರೆದರು. ಇಪ್ಪತ್ತು ವರ್ಷದ ಮೇಲೆ, 1995ರಲ್ಲಿ, ತಾವು ಸ್ಪಾಕ್ ಎಂದೊಪ್ಪುವ ಹೆಸರಿನ ಇನ್ನೊಂದನ್ನು ಬರೆದರು. ಸ್ಪಾಕ್ ಬೆರಳುಗಳನ್ನು ಕವಲಾಗಿಸಿ ಮಾಡುವ ವಂದನೆಯೂ ಅವರದೇ ಕೊಡುಗೆ. ಬಾಲ್ಯದಲ್ಲಿ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಹಾಗೆ ಆಶೀರ್ವದಿಸುವುದನ್ನು ಅವರು ಕದ್ದು ನೋಡಿದ್ದರು.

2014ರಲ್ಲಿ ನಿಮೊಯ್ ತಮಗೆ ತೀವ್ರ ಶ್ವಾಸಕೋಶದ ಕಾಯಿಲೆ ಇರುವುದನ್ನು ಬಹಿರಂಗಪಡಿಸಿದರು. ಸಿಗರೇಟು ಬಿಟ್ಟು ಮೂವತ್ತು ವರ್ಷವಾಗಿದ್ದರೂ ಅಷ್ಟರಲ್ಲೇ ತಡವಾಗಿತ್ತೆಂದೂ, ಅಜ್ಜನ ಮಾತು ಕೇಳಿ ಈಗಲೇ ಬಿಡಬೇಕೆಂದೂ ಅಭಿಮಾನಿಗಳನ್ನು ಬೇಡಿಕೊಂಡರು. 2015ರ ಫೆಬ್ರುವರಿ 27ರಂದು ಅದೇ ಕಾಯಿಲೆ ಅವರನ್ನು ಒಯ್ದಿತು. ಮರುದಿನ ಅಂತರಿಕ್ಷ ನಿಲ್ದಾಣದ ಕಿಟಕಿಯಲ್ಲಿ ಗಗನಯಾತ್ರಿಯೊಬ್ಬರು ಭೂಮಿಯ ಎದುರು ಸ್ಪಾಕ್‌ನ ವಂದನೆ ಮಾಡಿ ಚಿತ್ರ ಕಳಿಸಿದರು. ಅದೇ ವರ್ಷ 4864ನೇ ಕ್ಷುದ್ರಗ್ರಹಕ್ಕೆ ನಿಮೊಯ್ ಹೆಸರಿಡಲಾಯಿತು.

ನಮ್ಮ ದೇಶದ ನಂಟೂ ಒಂದಿದೆ. ಮುಂಬೈಯ ಪರ್ಸಿಸ್ ಖಂಬಾಟಾ, 1965ರ ಭಾರತ ಸುಂದರಿ, 1979ರಲ್ಲಿ ತೆರೆಕಂಡ ಮೊದಲ ಸ್ಟಾರ್ ಟ್ರೆಕ್ ಚಲನಚಿತ್ರಕ್ಕಾಗಿ ತಲೆ ಬೋಳಿಸಿಕೊಂಡು ನಟಿಸಿದರು. 1998ರಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಕಡೆಯ ಯಾನ

ಒಬ್ಬೊಬ್ಬರಾಗಿ ನಾವಿಕರು ಇಳಿದು ಹೋದರು. ರಾಡನ್‌ಬರಿ 1991ರಲ್ಲಿ, ಡಾಕ್ಟರ್ ಮೆಕಾಯ್ ಆಗಿದ್ದ ಡಿಫಾರೆಸ್ಟ್ ಕೆಲ್ಲಿ 1999ರಲ್ಲಿ, ಡೂಹನ್ 2005ರಲ್ಲಿ, ನಿಮೊಯ್ 2015ರಲ್ಲಿ, ನಿಕೋಲ್ಸ್ 2022ರಲ್ಲಿ. ಅವರ ನಂತರ ಮೂಲ ಏಳು ಮಂದಿಯಲ್ಲಿ ಉಳಿದವರು ಮೂವರು: 1931ರಲ್ಲಿ ಹುಟ್ಟಿದ ಶಾಟ್ನರ್, 1936ರಲ್ಲಿ ಹುಟ್ಟಿದ ವಾಲ್ಟರ್ ಕೇನಿಗ್, 1937ರಲ್ಲಿ ಹುಟ್ಟಿದ ಟಕೇ.

2024ರ ಜನವರಿ 8ರಂದು ಫ್ಲಾರಿಡಾದಿಂದ 'ವಲ್ಕನ್' ಎಂಬ ಹೊಸ ರಾಕೆಟ್ ಮೊದಲ ಬಾರಿಗೆ ಮೇಲೇರಿತು. ಸ್ಪಾಕ್ ಹುಟ್ಟಿದ ಗ್ರಹದ ಹೆಸರೂ ಅದೇ. ಅದರ ಮೇಲ್ಹಂತದಲ್ಲಿ ರಾಡನ್‌ಬರಿ, ಅವರ ಪತ್ನಿ ಹಾಗೂ ನಟಿ ಮೇಜಲ್ ಬ್ಯಾರೆಟ್, ಕೆಲ್ಲಿ, ಡೂಹನ್, ನಿಕೋಲ್ಸ್ ಅವರ ಅವಶೇಷಗಳ ಚಿಕ್ಕ ಅಂಶಗಳಿದ್ದವು. ಅದೀಗ ಸೂರ್ಯನನ್ನು ಸುತ್ತುವ ಕಕ್ಷೆಯಲ್ಲಿದೆ. ಅವರ ಮಟ್ಟಿಗೆ ಯಾನ ಮುಗಿದಿಲ್ಲ.

ಅಭಿಮಾನಿಗಳ ಪತ್ರಗಳಿಂದಲೇ ಹೆಸರು ಪಡೆದ ನಿಜವಾದ ಎಂಟರ್‌ಪ್ರೈಸ್ ಕೂಡ ಒಂದಿದೆ. ನಾಸಾದ ಮೊದಲ ಷಟಲ್‌ಗೆ 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡುವ ಯೋಚನೆಯಿತ್ತು. ಅಧ್ಯಕ್ಷ ಫೋರ್ಡ್ ಅವರಿಗೆ ಪತ್ರಗಳು ಸುರಿದು ಹೆಸರು ಬದಲಾಯಿತು. 1976ರ ಸೆಪ್ಟೆಂಬರ್ 17ರಂದು ಅದು ಹೊರಬಂದಾಗ ಧಾರಾವಾಹಿಯ ಹಲವು ನಟರು ಎದುರಿಗಿದ್ದರು. ಪರೀಕ್ಷೆಗಳಿಗಷ್ಟೇ ಬಳಕೆಯಾದ ಅದು ಅಂತರಿಕ್ಷಕ್ಕೆ ಹೋಗಲೇ ಇಲ್ಲ. 2012ರಿಂದ ಅದು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಹಳೆಯ ಧಾರಾವಾಹಿಯನ್ನು ನೆನೆದು ಹಿರಿಯರು ನಿಟ್ಟುಸಿರಿಟ್ಟರೆ ಮಕ್ಕಳಿಗೆ ನಗು ಬರಬಹುದು. ಅವರ ಕಣ್ಣಿಗೆ ಅಲ್ಯುಮಿನಿಯಂ ಪುಡಿ ಪುಡಿಯೇ. ಆದರೆ ಆಕಾಶದಲ್ಲಿ ಇದಕ್ಕೊಂದು ಲೆಕ್ಕವಿದೆ. 1966ರಲ್ಲಿ ಪ್ರಸಾರವಾದ ರೇಡಿಯೋ ತರಂಗಗಳು ನಮ್ಮ ಆಂಟೆನಾಗಳಲ್ಲಿ ನಿಲ್ಲದೆ ಬೆಳಕಿನ ವೇಗದಲ್ಲಿ ಹೊರಗೂ ಹರಿದವು. 25 ಜ್ಯೋತಿರ್ವರ್ಷ ದೂರದ ಅಭಿಜಿತ್ ನಕ್ಷತ್ರವನ್ನು ಅವು ದಾಟಿದ್ದು 1991ರಲ್ಲಿ, ರಾಡನ್‌ಬರಿ ತೀರಿಕೊಂಡ ವರ್ಷ. 37 ಜ್ಯೋತಿರ್ವರ್ಷದ ಸ್ವಾತಿಯನ್ನು 2003ರಲ್ಲಿ ದಾಟಿದವು. ಈಗ ಅವು ಎಷ್ಟು ಕ್ಷೀಣವೆಂದರೆ ಯಾರೂ ಹಿಡಿಯಲಾರರು, ಆದರೂ ಸಾಗುತ್ತಿವೆ.

ಡಿಸೆಂಬರ್ ಸಂಜೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಪೂರ್ವಕ್ಕೆ ನೋಡಿ. ಕೃತ್ತಿಕೆಯ ಗೊಂಚಲಿನ ಕೆಳಗೆ ಕೆಂಪಗೆ ಹೊಳೆಯುವುದೇ ರೋಹಿಣಿ, ದೂರ ಸುಮಾರು 65 ಜ್ಯೋತಿರ್ವರ್ಷ. ಮೊದಲ ಕಂತಿನ ತರಂಗಗಳು ಅದನ್ನು ಮುಟ್ಟುವುದು 2031ರ ಸುಮಾರಿಗೆ. ಕರ್ಕ್ ಮತ್ತು ಸ್ಪಾಕ್, ಅಂದರೆ ಶಾಟ್ನರ್ ಮತ್ತು ನಿಮೊಯ್, ಇಬ್ಬರೂ ಹುಟ್ಟಿ ಅಂದಿಗೆ ನೂರು ವರ್ಷ.