ತೊಗರಿಯ ಧಾರಣೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ?



ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬಂದ ಮೇಲೆ ನಮ್ಮ ಔರಾದ ಸೀಮೆಯಲ್ಲಿ ತೊಗರಿ ರಾಶಿಯ ಗಡಿಬಿಡಿ. ಚೀಲ ತುಂಬಿದೊಡನೆ ಮನೆಮನೆಯಲ್ಲಿ ಒಂದೇ ಪ್ರಶ್ನೆ: ಈಗಲೇ ಮಾರಬೇಕೆ, ಇಟ್ಟು ನೋಡಬೇಕೆ? ಒಬ್ಬರು ಔರಾದ ಪೇಟೆಗೆ ಒಯ್ಯುತ್ತಾರೆ, ಇನ್ನೊಬ್ಬರು ಭಾಲ್ಕಿಗೆ, ಮತ್ತೊಬ್ಬರು ಗಡಿ ದಾಟಿ ಉದಗೀರಕ್ಕೆ. ಧಾರಣೆ ಇಳಿದಿದ್ದರೆ ದಲಾಲಿ ಅಂಗಡಿಯವರನ್ನು ಬೈಯುವುದು ವಾಡಿಕೆ. ಅವರ ತೂಕದ ಮೇಲೆ, ಲೆಕ್ಕದ ಚೀಟಿಯ ಮೇಲೆ ಕಣ್ಣಿಡಬೇಕಾದದ್ದು ನಿಜವೇ. ಆದರೆ ನೂರಿನ್ನೂರು ರೂಪಾಯಿಯ ಹೆಚ್ಚು ಕಡಮೆ ಅಲ್ಲಿ ಆದೀತೇ ಹೊರತು, ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ ಎರಡು ಮೂರು ಸಾವಿರದ ವ್ಯತ್ಯಾಸ ಅವರ ಕೈಯಿಂದ ಆಗುವಂಥದಲ್ಲ.

ಹಾಗಾದರೆ ಅದು ಯಾರ ಕೈಯಲ್ಲಿದೆ? ಅರ್ಧ ಮಳೆಯ ಕೈಯಲ್ಲಿ, ಉಳಿದರ್ಧ ಸರಕಾರದ ಧೋರಣೆಯ ಕೈಯಲ್ಲಿ.

ಹಳೆಯ ಊರಿಗೆ ಅಗಸಿ ಇರುವಂತೆ ದೇಶಕ್ಕೂ ಒಂದು ಅಗಸಿ ಉಂಟೆಂದು ತಿಳಿಯಿರಿ. ಅದನ್ನು ತೆರೆದರೆ ಪರದೇಶದ ತೊಗರಿ ಹಡಗಿನಲ್ಲಿ ಬಂದು ಇಳಿಯುತ್ತದೆ. ಮುಚ್ಚಿದರೆ ನಮ್ಮ ಮಾಲಿಗೇ ಗಿರಾಕಿ. ಈ ತೊಗರಿ ಬರುವುದು ಹೆಚ್ಚಾಗಿ ನಮ್ಮ ಹಿರಿಯರು ಬರ್ಮಾ ಎನ್ನುತ್ತಿದ್ದ ಮ್ಯಾನ್ಮಾರಿನಿಂದ, ಮತ್ತು ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾ, ಮಲಾವಿ ದೇಶಗಳಿಂದ. ಆಫ್ರಿಕಾದ ಬೆಳೆ ನಮ್ಮ ಬೆಳೆಗಿಂತ ಕೆಲವು ತಿಂಗಳು ಮುಂಚೆ ಕಟಾವಾಗುತ್ತದೆ. ನಮ್ಮ ತೊಗರಿ ಹೂ, ಕಾಯಿಯಲ್ಲಿ ನಿಂತಿರುವಾಗಲೇ ಅವರ ಹಡಗು ಹೊರಟಿರುತ್ತದೆ.

ಇದು ಹೇಗೆ ನಡೆಯಿತೆಂಬುದನ್ನು ಹಿಂದಿನ ಹತ್ತು ವರ್ಷಗಳಿಂದಲೇ ನೋಡೋಣ. 2014 ಮತ್ತು 2015, ಎರಡು ವರ್ಷವೂ ಮಳೆ ಕೈಕೊಟ್ಟಿತು. 2015ರಲ್ಲಿ ಪಟ್ಟಣಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಕೂಗಾಟ ಎದ್ದಿತು. 2016ರ ಜುಲೈಯಲ್ಲಿ ಭಾರತ ಸರಕಾರವು ಮೊಜಾಂಬಿಕ್ ದೇಶದೊಡನೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 1 ಲಕ್ಷ ಟನ್ನಿನಿಂದ ಆರಂಭಿಸಿ 2 ಲಕ್ಷ ಟನ್ನಿನವರೆಗೆ ಬೇಳೆಕಾಳು ತರಿಸಲು ಮಾತು ಕೊಟ್ಟಿತು. ಇತ್ತ ನಮ್ಮ ರೈತರೂ ಏರಿದ ಧಾರಣೆ ನೋಡಿ ಹೊಲದ ತುಂಬ ತೊಗರಿ ಬಿತ್ತಿದರು. ಮಳೆಯೂ ಒಲಿಯಿತು. ದೇಶದ ತೊಗರಿ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ನಿಗೆ ಏರಿತು. 2017ರ ಆರಂಭದಲ್ಲಿ ರಾಶಿ ಮಾಡಿದವರಿಗೆ, ಸರಕಾರ ಗೊತ್ತುಮಾಡಿದ್ದ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯೂ ಪೇಟೆಯಲ್ಲಿ ಸಿಗಲಿಲ್ಲ.

ಆಗ ಅಗಸಿ ಮುಚ್ಚಿತು. ಯಾವಾಗ? ಅದೇ ವರ್ಷದ ಆಗಸ್ಟಿನಲ್ಲಿ. ವರ್ಷಕ್ಕೆ 2 ಲಕ್ಷ ಟನ್ನಿಗಿಂತ ಹೆಚ್ಚು ತೊಗರಿ ಬರಕೂಡದೆಂದು ಆಜ್ಞೆಯಾಯಿತು. 2006ರಿಂದ ಇದ್ದ ರಫ್ತಿನ ನಿಷೇಧವನ್ನು ಎಲ್ಲ ಬೇಳೆಕಾಳುಗಳಿಗೂ ತೆಗೆದದ್ದು ನವೆಂಬರಿನಲ್ಲಿ. ಸಾಲದ ಕಂತು, ಮಕ್ಕಳ ಮದುವೆ ಎಂದು ಫೆಬ್ರವರಿಯಲ್ಲೇ ಮಾರಿಬಿಟ್ಟ ಎರಡೆಕರೆಯ ರೈತನಿಗೆ ಆಗಸ್ಟಿನ ಆಜ್ಞೆಯಿಂದ ಏನು ಬಂತು? ಬೇಳೆ ತುಟ್ಟಿಯಾದಾಗ ಅಗಸಿ ಬೇಗ ತೆರೆಯುತ್ತದೆ. ಧಾರಣೆ ಬಿದ್ದಾಗ ತಡವಾಗಿ ಮುಚ್ಚುತ್ತದೆ. ಅತ್ತ ಮೊಜಾಂಬಿಕಿನ ರೈತರೂ ಭಾರತದ ಮಾತನ್ನು ನಂಬಿ ಬಿತ್ತಿದ್ದರು. ಕೊಳ್ಳುವವರಿಲ್ಲದೆ ಅವರ ತೊಗರಿಯ ಬೆಲೆ ನೆಲ ಕಚ್ಚಿತು. ಅವರೂ ನಮ್ಮಂತೆ ಸಣ್ಣ ಹಿಡುವಳಿಯವರೇ.

2021ರ ಮೇ 15ರಂದು ಅಗಸಿ ಮತ್ತೆ ತೆರೆಯಿತು. ಅವಧಿಯನ್ನು ಮುಂದೆ ತಳ್ಳುತ್ತ ತಳ್ಳುತ್ತ, 2025ರ ಜನವರಿಯಲ್ಲಿ ಅದನ್ನು 2026ರ ಮಾರ್ಚ್ 31ರ ತನಕ ವಿಸ್ತರಿಸಿದರು. ನಡುವೆ, 2023ರ ಜೂನಿನಲ್ಲಿ, ದೊಡ್ಡ ವ್ಯಾಪಾರಿ 200 ಟನ್ನಿಗಿಂತ ಹೆಚ್ಚು ತೊಗರಿ ದಾಸ್ತಾನು ಇಡಬಾರದೆಂದರು. ಸೆಪ್ಟೆಂಬರಿನಲ್ಲಿ ಅದನ್ನು 50 ಟನ್ನಿಗೆ ಇಳಿಸಿದರು. ಈ ಮಿತಿ ವ್ಯಾಪಾರಿಗೆ ಹಾಕಿದ್ದು, ನಮಗಲ್ಲ ಎಂದು ಸುಮ್ಮನಿರಬೇಡಿ. ಇಡಲು ಅವಕಾಶವಿಲ್ಲದವರು ಸವಾಲಿನಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಇಷ್ಟಾದರೂ ಬೆಳೆ ಕಡಮೆಯಾಗಿದ್ದ ಆ ವರ್ಷ ತೊಗರಿ 10,000 ದಾಟಿತು. ಅದನ್ನು ನಂಬಿ ಬಿತ್ತಿದವರು 2025ರ ಆರಂಭದಲ್ಲಿ ಪೇಟೆಗೆ ಬಂದಾಗ ಧಾರಣೆ ಬೆಂಬಲ ಬೆಲೆಯಾದ 7,550ರ ಆಸುಪಾಸಿಗೆ ಇಳಿದಿತ್ತು. ನಮ್ಮ ರಾಜ್ಯ ಸರಕಾರವು ಅದಕ್ಕೆ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ಮಾಡಿಸಬೇಕಾಯಿತು.

ಅಗಸಿ ಸದಾ ಮುಚ್ಚಿರಬೇಕೆಂದು ನಾವು ಹೇಳುವುದಿಲ್ಲ. ಕೂಲಿಯವರ ಮನೆಯಲ್ಲೂ ಬೇಳೆ ಬೇಯಬೇಕು. ತೊಗರಿ ಮಾರಿದ ರೈತನೇ ಶ್ರಾವಣದಲ್ಲಿ ಬೇಳೆ ಕೊಳ್ಳುವುದುಂಟು. ಕೇಳುವುದಿಷ್ಟೇ: ಬಿತ್ತನೆಗೆ ಮುಂಚೆ ಧೋರಣೆ ತಿಳಿಸಿರಿ, ಬಿತ್ತಿದ ಮೇಲೆ ಬದಲಿಸಬೇಡಿರಿ. ಅರವಿಂದ ಸುಬ್ರಮಣಿಯನ್ ಅವರ ಸಮಿತಿಯು ಬೇಳೆಕಾಳಿನ ಬಗ್ಗೆ 2016ರಲ್ಲಿ ಕೊಟ್ಟ ವರದಿಯೂ ರಫ್ತಿನ ನಿಷೇಧ ಮತ್ತು ದಾಸ್ತಾನಿನ ಮಿತಿ ಎರಡನ್ನೂ ತೆಗೆಯಬೇಕೆಂದಿತ್ತು. ಮೊದಲನೆಯದು ಹೋಯಿತು, ಎರಡನೆಯದು ಮತ್ತೆ ಮತ್ತೆ ಬಂದಿತು.

ಸೋಯಾ ಬೆಳೆಯುವವರಿಗೂ ಇದೇ ಕಥೆ, ಕಾಳಿನ ಬದಲು ಎಣ್ಣೆ ಅಷ್ಟೆ. ಕಚ್ಚಾ ಖಾದ್ಯ ತೈಲದ ಮೇಲಿನ ಒಟ್ಟು ಆಮದು ಸುಂಕವನ್ನು 2024ರ ಸೆಪ್ಟೆಂಬರಿನಲ್ಲಿ ಶೇಕಡಾ 27.5ಕ್ಕೆ ಏರಿಸಿ, 2025ರ ಮೇ ಕೊನೆಗೆ ಶೇಕಡಾ 16.5ಕ್ಕೆ ಇಳಿಸಿದರು. ಅದು ನಮ್ಮಲ್ಲಿ ಬಿತ್ತನೆಯ ಕಾಲ.

ಇನ್ನು ನಮ್ಮ ಕೈಯಲ್ಲಿರುವ ಮಾತು. ಹೋದ ವರ್ಷದ ಧಾರಣೆ ನೋಡಿ ಇಡೀ ಹೊಲಕ್ಕೆ ಒಂದೇ ಬೀಜ ಹಾಕುವುದು ಬೇಡ. ಮೃಗಶಿರ ಮಳೆಗೆ ಮುಂಚೆ ಎರಡು ಸಂಗತಿ ಕೇಳಿ ತಿಳಿಯಿರಿ: ಈ ಸಾಲಿನ ಬೆಂಬಲ ಬೆಲೆ ಎಷ್ಟು, ಆಮದಿನ ಅವಧಿ ಎಲ್ಲಿಯವರೆಗೆ? ತೊಗರಿ, ಉದ್ದು, ಮಸೂರಗಳನ್ನು ನೋಂದಣಿ ಮಾಡಿಸಿದ ರೈತರಿಂದ ನಾಲ್ಕು ವರ್ಷ, ತಂದಷ್ಟನ್ನೂ ಕೊಳ್ಳುವುದಾಗಿ 2025ರ ಕೇಂದ್ರ ಮುಂಗಡ ಪತ್ರದಲ್ಲಿ ಹೇಳಿದ್ದಾರೆ. ನೋಂದಣಿ ಎಂಬ ಮಾತನ್ನು ಗಮನಿಸಿರಿ. ಪೇಟೆ ಬಿದ್ದ ಮೇಲೆ ಖರೀದಿ ಕೇಂದ್ರಕ್ಕೆ ಓಡಿದರೆ ಸರದಿ ದೂರವಾಗಿರುತ್ತದೆ. ಕಾಳು ಚೆನ್ನಾಗಿ ಒಣಗಿರಬೇಕು. ತೇವ ಶೇಕಡಾ 12 ಮೀರಿದರೆ ಚೀಲ ಮನೆಗೆ ಮರಳುತ್ತದೆ, ಗಾಡಿ ಬಾಡಿಗೆ ನಿಮ್ಮದೇ.

ಫ್ರೂಟ್ಸ್ ಸಂಖ್ಯೆ, ಪಹಣಿ, ಬ್ಯಾಂಕಿನ ಪುಸ್ತಕ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಸೋಯಾದ ನಡುವೆ ತೊಗರಿಯ ಸಾಲು ಹಾಕುವವರೇ ಬಹಳ. ಬೆಳೆ ಸಮೀಕ್ಷೆಯವರು ಬಂದಾಗ ಸೋಯಾ ಎತ್ತರಕ್ಕೆ ನಿಂತಿರುತ್ತದೆ, ತೊಗರಿ ಸಣ್ಣದಿರುತ್ತದೆ. ಆ ದಿನ ಹೊಲದಲ್ಲಿ ಇದ್ದು, ನಿಮ್ಮ ಸರ್ವೆ ನಂಬರಿಗೆ ಎರಡೂ ಬೆಳೆ ಬರೆಸಿರಿ.